ಎಪ್ಪತ್ತೊಂಬತ್ತಕ್ಕೆ ಕೊಲೊನೊಸ್ಕೋಪಿ ಬೇಕಾ, ರಾಯರೇ?

ಆ ಹೀರೆಬಳ್ಳಿ ಒಂದಿಷ್ಟು ಸರಿಸಿ, ರಾಯರೇ, ನಿಮ್ಮ ಮುಖ ಕಾಣ್ತಿಲ್ಲ. ಕೊಲೊನೊಸ್ಕೋಪಿಗೆ, ಅದೇ ದೊಡ್ಡ ಕರುಳಿನೊಳಗೆ ಕ್ಯಾಮೆರಾ ನಳಿಗೆ ಹಾಕಿ ನೋಡೋ ಪರೀಕ್ಷೆಗೆ, ಬನ್ನಿ ಅಂತ ಡಾಕ್ಟರ ಆಫೀಸಿನಿಂದ ಕಾಗದ ಬಂತು ಅಂದ್ರಲ್ಲ, ನಿನ್ನೆಯಿಂದ ಅದೇ ತಲೇಲಿ ಓಡ್ತಿದೆ. ಮಗ ಫೋನ್ ಮಾಡಿ, "ಮೆಡಿಕೇರ್ ದುಡ್ಡು ಕೊಡುತ್ತೆ, ಮಾಡಿಸ್ಕೊಂಡುಬಿಡಿ ಅಪ್ಪ" ಅಂದನಂತೆ. ಕೊಡೋದು ನಿಜ. ಅದಕ್ಕೆ ವಯಸ್ಸಿನ ಮಿತಿಯೂ ಇಲ್ಲ. ಆದ್ರೆ ದುಡ್ಡು ಕೊಡ್ತಾರೆ ಅನ್ನೋದು ಬೇರೆ, ನಿಮಗೆ ಬೇಕು ಅನ್ನೋದು ಬೇರೆ.

ಈ ಅಮೆರಿಕದಲ್ಲಿ ಇಂಥದ್ದಕ್ಕೆಲ್ಲ ಸಲಹೆ ಕೊಡೋ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2021ರಲ್ಲಿ ಏನು ಹೇಳ್ತು ಗೊತ್ತಾ? 45ರಿಂದ 75ರವರೆಗಿನವರು ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಮಾಡಿಸ್ಕೊಳ್ಳಲಿ. 76ರಿಂದ 85ರೊಳಗಿನವರಾದ್ರೆ ಅವರ ಆರೋಗ್ಯ, ಹಿಂದೆ ಆದ ಪರೀಕ್ಷೆ, ಅವರ ಇಷ್ಟ ಎಲ್ಲ ನೋಡಿ ಡಾಕ್ಟರ ಜೊತೆ ಕೂತು ತೀರ್ಮಾನ ಮಾಡಲಿ. ಅದನ್ನೂ ದಾಟಿದವರಿಗೆ ಇದರಿಂದ ಆಯಸ್ಸು ಹೆಚ್ಚೋ ಹಾಗೆ ಕಾಣಲ್ಲ ಅಂತ. ನೀವು ಆ ನಡುವಿನ ಗುಂಪಿನಲ್ಲಿದ್ದೀರಿ. ಆ ಕಾಗದ ಎಲ್ಲರಿಗೂ ಒಂದೇ ಥರ ಅಚ್ಚಾಗಿ ಬರುತ್ತೆ. ನಿಮ್ಮ ಜೊತೆ ಕೂತು ಮಾತಾಡಿದವರು ಯಾರು?

ಕರುಳಿನೊಳಗೆ ಪಾಲಿಪ್ ಅಂತ ಒಂದು ಸಣ್ಣ ಗಂಟು ಏಳುತ್ತೆ. ಎಲ್ಲ ಪಾಲಿಪ್ಪೂ ಕ್ಯಾನ್ಸರ್ ಆಗಲ್ಲ. ಆಗೋದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತೆ. ಅಂದ್ರೆ ಇವತ್ತು ಅದನ್ನ ಕತ್ತರಿಸಿ ತೆಗೆದ್ರೆ ಅದರ ಫಲ ಸಿಗೋದು ನಿಮ್ಮ 89ನೇ ವಯಸ್ಸಿನ ಹೊತ್ತಿಗೆ. ತೊಂದರೆ ಆಗೋದಿದ್ರೆ ಈಗಲೇ ಆಗುತ್ತೆ.

ಹೆದರಿಸ್ತಿಲ್ಲ. ಹತ್ತು ಸಾವಿರ ಜನ ತಪಾಸಣೆಗೆ ಅಂತ ಕೊಲೊನೊಸ್ಕೋಪಿ ಮಾಡಿಸ್ಕೊಂಡ್ರೆ ಸುಮಾರು 3 ಜನಕ್ಕೆ ಕರುಳು ತೂತಾಗುತ್ತೆ, ಸುಮಾರು 15 ಜನಕ್ಕೆ ಜೋರಾಗಿ ರಕ್ತ ಹೋಗುತ್ತೆ. ವಯಸ್ಸಾದ ಹಾಗೆ ಈ ಅಪಾಯ ಏರುತ್ತೆ. ಆದ್ರೂ ನನಗೆ ಹೆಚ್ಚು ಚಿಂತೆ ಹಿಂದಿನ ರಾತ್ರಿಯದು. ಲೀಟರುಗಟ್ಟಲೆ ಭೇದಿ ಔಷಧಿ, ಬರೀ ತಿಳಿ ನೀರು ತಿಳಿ ಸಾರು, ಕತ್ತಲಲ್ಲಿ ಹತ್ತು ಸಲ ಬಾತ್‌ರೂಮಿಗೆ ಓಡೋದು. ಮೈಯಲ್ಲಿ ನೀರಿಲ್ಲದೆ ಬಿಪಿ ಇಳಿದು ಕಾಲು ಜಾರಿದ್ರೆ ಈ ವಯಸ್ಸಲ್ಲಿ ಸೊಂಟದ ಮೂಳೆ ಹೋಗುತ್ತೆ. ನಿಮಗೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗೋ ಮಾತ್ರೆ ನುಂಗ್ತೀರಿ. ನುಂಗ್ತಾ ಇದ್ರೆ ಪಾಲಿಪ್ ತೆಗೆದ ಜಾಗದಲ್ಲಿ ರಕ್ತ ನಿಲ್ಲೋದು ಕಷ್ಟ, ನಿಲ್ಲಿಸಿದ್ರೆ ಹೃದಯದ ಚಿಂತೆ. ಸಕ್ಕರೆ ಕಾಯಿಲೆ ಬೇರೆ. 69ನೇ ವಯಸ್ಸಲ್ಲಿ ಮಾಡಿಸಿದಾಗ ಒಂದೂ ಪಾಲಿಪ್ ಇರಲಿಲ್ಲ ಅಂತ ನೀವೇ ಹೇಳಿದ್ರಿ. ನನ್ನನ್ನ ಕೇಳಿದ್ರೆ, ನಿಮಗೆ ಬೇಡ.

ಹಾಗಂತ ವಯಸ್ಸಾದ್ಮೇಲೆ ಯಾರಿಗೂ ಬೇಡ ಅನ್ನೋ ಮಾತನ್ನ ನಾನು ಒಪ್ಪಲ್ಲ. ಅಧ್ಯಕ್ಷ ರೇಗನ್ನರಿಗೆ 1985ರ ಜುಲೈನಲ್ಲಿ 74 ವರ್ಷ. ಸಣ್ಣ ಪಾಲಿಪ್ ತೆಗೆಯೋಣ ಅಂತ ಒಳಗೆ ನೋಡಿದ್ರೆ ಇನ್ನೊಂದು ಕಡೆ ದೊಡ್ಡದೇ ಕೂತಿತ್ತು. ಮಾರನೇ ದಿನವೇ ಆಪರೇಷನ್, ಪರೀಕ್ಷೆ ಮಾಡಿದ್ರೆ ಕ್ಯಾನ್ಸರ್. ಆಮೇಲೆ ಅವರು 93ನೇ ವಯಸ್ಸಿನ ತನಕ ಇದ್ರು.

ಅದಕ್ಕೇ ನನ್ನ ಚಿಂತೆ ಇರೋದು ನಿಮ್ಮ ಮನೆಯವರ ಬಗ್ಗೆ. ಅವರಿಗೆ 76. ದಿನಾ ಎರಡು ಮೈಲಿ ನಡೀತಾರೆ, ಒಂದು ಮಾತ್ರೆ ಇಲ್ಲ, ಅವರ ತಾಯಿ ತೊಂಬತ್ತು ದಾಟಿದವರು. ಆದ್ರೆ ಒಂದು ಸಲವೂ ಈ ತಪಾಸಣೆ ಆಗಿಲ್ಲ. ಗಂಡನ ಅಪಾಯಿಂಟ್‌ಮೆಂಟ್ ಎಲ್ಲಾ ಕ್ಯಾಲೆಂಡರಿನಲ್ಲಿ ಗುರುತು ಹಾಕ್ತಾರೆ, ತಮ್ಮದನ್ನ ಮುಂದಕ್ಕೆ ಹಾಕ್ತಾರೆ. ಅವರ ತಲೆಮಾರಿನ ನಮ್ಮ ಎಷ್ಟೋ ಹೆಂಗಸರು ಹೀಗೇ, ನನಗೆ ಸಂಕಟ ಆಗುತ್ತೆ. ಆರೋಗ್ಯವಾಗಿದ್ದು ಹಿಂದೆ ಒಮ್ಮೆಯೂ ಪರೀಕ್ಷೆ ಮಾಡಿಸದವರಿಗೇ ಈ ವಯಸ್ಸಲ್ಲಿ ಹೆಚ್ಚು ಲಾಭ.

ಅವರು ನೇರ ಕೊಲೊನೊಸ್ಕೋಪಿಗೇ ಹೋಗಬೇಕಾಗಿಲ್ಲ. ಫಿಟ್ ಅಂತ ಒಂದು ಮಲದ ಪರೀಕ್ಷೆ ಇದೆ. ಮನೇಲೇ ಚೂರು ಸ್ಯಾಂಪಲ್ ತೆಗೆದು ಕಳಿಸೋದು. ಪಥ್ಯ ಇಲ್ಲ, ಭೇದಿ ಇಲ್ಲ. ವರ್ಷಕ್ಕೊಮ್ಮೆ ಮಾಡಬೇಕು. ಕಣ್ಣಿಗೆ ಕಾಣದ ರಕ್ತ ಇದ್ರೂ ಅದು ಹಿಡಿಯುತ್ತೆ. ರಕ್ತ ಇದೆ ಅಂತ ಬಂದ್ರೆ ಮಾತ್ರ ಕೊಲೊನೊಸ್ಕೋಪಿ ಮಾಡಿಸಲೇಬೇಕು. ಅದಕ್ಕೆ ಮನಸ್ಸಿಲ್ಲ ಅನ್ನೋದಾದ್ರೆ ಫಿಟ್ ಮಾಡಿಸೋದೇ ಬೇಡ, ರಾತ್ರಿ ನಿದ್ದೆ ಹಾಳು.

ಇನ್ನೊಂದು, ಇದು ಬಹಳ ಮುಖ್ಯ. ಈ ಬೇಕು ಬೇಡ ಎಲ್ಲ ಏನೂ ತೊಂದರೆ ಇಲ್ಲದವರಿಗೆ. ಮಲದಲ್ಲಿ ರಕ್ತ ಕಂಡ್ರೆ, ಸುಮ್ಮಸುಮ್ಮನೆ ತೂಕ ಇಳಿದ್ರೆ, ರಕ್ತಹೀನತೆ ಅಂತ ರಿಪೋರ್ಟ್ ಬಂದ್ರೆ, ದಿನಾ ಹೋಗೋ ಕ್ರಮ ತಪ್ಪಿದ್ರೆ, 79 ಆಗಲಿ 89 ಆಗಲಿ, ಡಾಕ್ಟರಿಗೆ ತೋರಿಸಬೇಕು. ಮೂಲವ್ಯಾಧಿ ಇರಬೇಕು ಅಂತ ಮುಲಾಮು ಹಚ್ಚಿಕೊಂಡು ಕೂರಬಾರದು. ಹಾಸನದಲ್ಲಿರೋ ನಿಮ್ಮ ತಮ್ಮನಿಗೂ ಹೇಳಿ. ಅಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿಗಷ್ಟೇ. ಕರುಳಿನ ಕಾಗದ ಅವರಿಗೆ ಬರಲ್ಲ.

ನಿಮ್ಮ ಕಾಗದ ಬಿಸಾಡಬೇಡಿ. ಸೋಮವಾರ ಡಾಕ್ಟರಿಗೆ ಫೋನ್ ಮಾಡಿ. ಹಳೇ ರಿಪೋರ್ಟು, ಸ್ಟೆಂಟು, ಮಾತ್ರೆ ಎಲ್ಲಾ ಹೇಳಿ, ಇದರಿಂದ ನನಗೇನು ಲಾಭ ಅಂತ ಬಾಯಿಬಿಟ್ಟು ಕೇಳಿ. ಅದೇ ಫೋನಿನಲ್ಲಿ ಮನೆಯವರಿಗೆ ಒಂದು ಫಿಟ್ ಕಿಟ್ ಕಳಿಸೋಕೆ ಹೇಳಿ. ಒಳಗಿದ್ದಾರಾ? ಕರೀರಿ, ನಾನೇ ಮಾತಾಡ್ತೀನಿ.