ನವನಗರೀಯ ದ್ವಿಚಕ್ರವರಣ ಮೀಮಾಂಸೆ

ಆನೆಗೆ ಪಾಲಕಾಪ್ಯನೂ ಕುದುರೆಗೆ ಶಾಲಿಹೋತ್ರನೂ ಶಾಸ್ತ್ರಗಳನ್ನು ರಚಿಸಿ ಕೃತಕೃತ್ಯರಾದರು, ಗೋವಿಗಾಗಿ ಚಾಲುಕ್ಯ ವಂಶದ ರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗೋವೈದ್ಯವನ್ನು ಬರೆದಿಟ್ಟನು, ಅಡುಗೆಗೂ ಸೂಪಶಾಸ್ತ್ರವುಂಟು. ಹೀಗೆ ಮನುಷ್ಯನನ್ನು ಹೊರುವ ಮತ್ತು ಪೋಷಿಸುವ ಸಕಲಕ್ಕೂ ಲಕ್ಷಣಗ್ರಂಥಗಳನ್ನು ಒದಗಿಸಿದ ನಮ್ಮ ಪೂರ್ವಸೂರಿಗಳು, ಮೇವನ್ನು ಬೇಡದ, ಒದೆಯದ, ಆದರೂ ಒಮ್ಮೊಮ್ಮೆ ಕೆಡಹುವ ಸೈಕಲ್ಲೆಂಬ ವಾಹನವನ್ನು ಕುರಿತು ಒಂದು ಸೂತ್ರವನ್ನಾದರೂ ಬರೆಯದೆ ಹೋದುದು, ಅದು 1885ಕ್ಕೆ ಮುನ್ನ ಇಂದಿನ ರೂಪದಲ್ಲಿ ಹುಟ್ಟಿಯೇ ಇರಲಿಲ್ಲವೆಂಬ ಕ್ಷುಲ್ಲಕ ಕಾರಣವೊಂದನ್ನು ಬಿಟ್ಟರೆ, ಸಮರ್ಥನೆಗೆ ಎಡೆಯಿಲ್ಲದ ಪ್ರಮಾದವೇ ಸರಿ. ಆ ಲೋಪವನ್ನು ತುಂಬುವುದಕ್ಕಾಗಿ ಪ್ರಕೃತ ಪ್ರಬಂಧವು ಹೊರಟಿದೆ.

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲು ಹೇಳತಕ್ಕದ್ದು. ಇಲ್ಲಿ ವಿಷಯವೆಂದರೆ ರೋಡ್ ಸೈಕಲ್ಲಿನ ಆಯ್ಕೆ. ವಾರದ ದಿನಗಳಲ್ಲಿ ಕಚೇರಿಯನ್ನು ಮುಟ್ಟುವುದೂ ಭಾನುವಾರ ಹೊಟ್ಟೆಯನ್ನು ಇಳಿಸುವುದೂ ಪ್ರಯೋಜನ. ಒಂದೇ ಸೈಕಲ್ಲಿನಿಂದ ಇವೆರಡೂ ಸಿದ್ಧಿಸುವುವೆಂದು ನಂಬುವುದು ಸಂಬಂಧ; ಹಾಗೆ ನಂಬಿದವನೇ ಅಧಿಕಾರಿ. ಜಿಲ್ಲಾಡಳಿತ ಭವನದ ದೆಸೆಯಿಂದ ನವನಗರದಲ್ಲಿ ಅಧಿಕಾರಿಗಳಿಗಂತೂ ಬರಗಾಲವಿಲ್ಲ.

ನವನಗರವೇ ಏಕೆ ಎಂದು ಕೇಳಬಹುದು. ಹಳೆಯ ಬಾಗಲಕೋಟೆಯಲ್ಲಿ ಈ ಶಾಸ್ತ್ರವು ಹುಟ್ಟುವಂತಿರಲಿಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳು ಒಂದರ ಮೈಗೆ ಒಂದು ಒತ್ತಿಕೊಂಡಿದ್ದು, ಹೋಳಿಯ ಬಣ್ಣದ ಬಂಡಿ ಹೊರಟರೆ ಒಂದು ಓಣಿಯ ಬಣ್ಣ ಮತ್ತೊಂದು ಓಣಿಯ ಗೋಡೆಗೆ ತಾಗದೆ ಬಿಡುತ್ತಿರಲಿಲ್ಲ. ಮನೆಯಿಂದ ಅಂಗಡಿಗೂ ಅಂಗಡಿಯಿಂದ ಗುಡಿಗೂ ಕಾಲೇ ಸಾಕಾಗಿತ್ತು. 1964ರಲ್ಲಿ ಆಲಮಟ್ಟಿ ಆಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟಾಗ, ಮುಂದೊಂದು ದಿನ ಕೃಷ್ಣೆಯ ಹಿನ್ನೀರು ಘಟಪ್ರಭೆಯನ್ನು ಹಿಂದಕ್ಕೊತ್ತಿ ಈ ಓಣಿಗಳನ್ನು ಹೊಗುವುದೆಂದೂ, ಮುಳುಗಡೆಯಾದವರಿಗಾಗಿ ಎತ್ತರದ ಬಯಲಿನಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರವು ಸೆಕ್ಟರು ಸೆಕ್ಟರಾಗಿ ಗೆರೆಯೆಳೆದು ನವನಗರವೆಂಬ ಹೊಸ ಊರನ್ನು ಕಟ್ಟುವುದೆಂದೂ, ಅಗಲವಾದ ಆ ರಸ್ತೆಗಳಲ್ಲಿ ಮೊಸರು ತರಹೋದವನು ಮನೆ ಸೇರುವಷ್ಟರಲ್ಲಿ ಅದು ಹುಳಿಯಾಗುವುದೆಂದೂ, ಆದಕಾರಣ ಸೈಕಲ್ಲಿನ ತತ್ತ್ವವಿಚಾರ ಅನಿವಾರ್ಯವಾಗುವುದೆಂದೂ ಆ ಮಹನೀಯರು ಊಹಿಸಿರಲಾರರು. ನೀರು ಊರನ್ನು ಮುಳುಗಿಸಿದುದು ಮಾತ್ರವಲ್ಲ, ಊರೊಳಗಿನ ದೂರವನ್ನೂ ಹಿಗ್ಗಿಸಿತು. ಮನೆಗೆ ಪರಿಹಾರ ಬಂದಿತು, ಹೊಲಕ್ಕೆ ಬಂದಿತು. ಹೆಚ್ಚಿದ ನಡಿಗೆಗೆ ಯಾರಿಗಾದರೂ ಬಂದುದನ್ನು ನಾನು ಕೇಳಿಲ್ಲ.

ಈ ಮುಳುಗಡೆಯಿಂದ ಒಂದು ಉಪಕಾರವೂ ಆಗಿದೆ. ಜಲಾಶಯದ ಮಟ್ಟ 519.60 ಮೀಟರಿನಲ್ಲಿ ನಿಲ್ಲುವುದೋ 524.256ಕ್ಕೆ ಏರುವುದೋ ಎಂಬ ಚರ್ಚೆಯನ್ನು ಚಹಾದಂಗಡಿಯಲ್ಲಿಯೇ ದಶಾಂಶಸಹಿತ ನಡೆಸಬಲ್ಲ ಜನಕ್ಕೆ, 25 ಮಿಲಿಮೀಟರಿನ ಟೈರಿಗೂ 32 ಮಿಲಿಮೀಟರಿನ ಟೈರಿಗೂ ಇರುವ ಭೇದವನ್ನು ತಿಳಿಸಲು ಹೆಚ್ಚು ಶ್ರಮಪಡಬೇಕಾಗಿಲ್ಲ. ಅಲ್ಪವೆಂದು ತೋರುವ ಅಂತರ ಎಷ್ಟು ಮನೆ ಕಳೆಯುವುದೆಂಬುದನ್ನು ಅವರು ಬಲ್ಲರು.

ಇನ್ನು ಲಕ್ಷಣನಿರೂಪಣೆ. ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ ಉಳ್ಳದ್ದೇ ರೋಡ್ ಸೈಕಲ್ ಎಂದರೆ, ಈ ಸೀಮೆಯಲ್ಲಿ ಕಾಳಗಕ್ಕೆಂದು ಸಾಕಿದ ಟಗರುಗಳಲ್ಲಿ ಅತಿವ್ಯಾಪ್ತಿ. ತೆಳುವಾದ ಟೈರುಳ್ಳದ್ದು ಎಂದರೆ, ಇತ್ತೀಚೆಗೆ ದಪ್ಪ ಟೈರು ತೊಟ್ಟು ಬಂದ ರೋಡ್ ಸೈಕಲ್ಲುಗಳಲ್ಲಿ ಅವ್ಯಾಪ್ತಿ. ಹಗುರವಾದದ್ದು ಎಂದರೆ, ಬೀಗ, ಸರಪಳಿ, ನೀರಿನ ಬಾಟಲಿ, ರೊಟ್ಟಿಯ ಡಬ್ಬಿಗಳನ್ನು ಹೇರಿದ ಮೇಲೆ ಅಸಂಭವ. ಪಂದ್ಯದ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಹಗುರವಿರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ವಿಧಿಸಿದೆಯಷ್ಟೆ; ನವನಗರದಲ್ಲಿ ಆ ವಿಧಿಗೆ ಭಂಗ ಬಂದ ನಿದರ್ಶನ ದೊರೆಯುವುದು ದುರ್ಲಭ. ಹೀಗೆ ಪಂಡಿತರ ಲಕ್ಷಣಗಳೆಲ್ಲವೂ ದೋಷಗ್ರಸ್ತವಾದಾಗ ಲೋಕವೇ ಒಂದು ನಿರ್ದುಷ್ಟ ಲಕ್ಷಣವನ್ನು ಒದಗಿಸಿತು. ನೆರೆಮನೆಯ ನಿವೃತ್ತ ಗುಮಾಸ್ತರು ಹೊಸ ಸೈಕಲ್ಲನ್ನು ಒಮ್ಮೆ ಪ್ರದಕ್ಷಿಣೆ ಮಾಡಿ ಅಪ್ಪಣೆ ಕೊಡಿಸಿದ ವಾಕ್ಯ ಹೀಗಿದೆ: “ಏನ್ರೀ ಸಾಹೇಬ್ರ, ಇಷ್ಟ್ ರೊಕ್ಕಾ ಸುರುವಿ ತಂದೀರಿ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಅಂಗಡ್ಯಾಂವ ಅರ್ಧಾ ಸೈಕಲ್ ಕೊಟ್ಟು ಕಳಿಸ್ಯಾನೇನ್ರೀ?” ಅಭಾವವನ್ನೇ ಲಕ್ಷಣವನ್ನಾಗಿ ಮಾಡಿದ ಈ ವಾಕ್ಯದಲ್ಲಿ ಅತಿವ್ಯಾಪ್ತಿಯಿಲ್ಲ, ಅವ್ಯಾಪ್ತಿಯಿಲ್ಲ, ನವ್ಯನ್ಯಾಯದವರು ಇದಕ್ಕಿಂತ ಬಿಗಿಯಾಗಿ ಹೇಳಲಾರರು.

ಸಂಪ್ರದಾಯಗಳು ಮೂರು. ಇವುಗಳ ಭೇದವನ್ನರಿಯಲು ಅಂಗಡಿಗಿಂತ ಪಟ್ಟದಕಲ್ಲಿಗೆ ಹೋಗುವುದು ಲೇಸು. ಅಲ್ಲಿ ಗಳಗನಾಥನ ನಾಗರ ಶಿಖರವೂ ವಿರೂಪಾಕ್ಷನ ದ್ರಾವಿಡ ವಿಮಾನವೂ ಕೂಗಳತೆಯಲ್ಲಿ ನಿಂತಿವೆ. ರೇಖೆಯಂತೆ ಒಂದೇ ಬಾಗಿನಲ್ಲಿ ಮುಂದಕ್ಕೆ ಚಾಚಿದ ರೋಡ್ ಸೈಕಲ್ಲು ನಾಗರ. ಅಂತಸ್ತು ಅಂತಸ್ತಾಗಿ ಸ್ಪ್ರಿಂಗು, ಫೋರ್ಕು, ಗುಬ್ಬಿಗುಬ್ಬಿಯ ಟೈರುಗಳಿಂದ ಮೈತುಂಬಿದ ಮೌಂಟನ್ ಸೈಕಲ್ಲು ದ್ರಾವಿಡ. ದ್ರಾವಿಡದ ನೆಟ್ಟನೆಯ ಹ್ಯಾಂಡಲನ್ನೂ ನಾಗರದ ಹಗುರ ಚಕ್ರವನ್ನೂ ಕೂಡಿಸಿಕೊಂಡು ಎರಡೂ ಕಡೆಯ ಪಂಡಿತರಿಂದ ಬೈಸಿಕೊಳ್ಳುವ ಹೈಬ್ರಿಡ್ ಸೈಕಲ್ಲು ವೇಸರ. ಐಹೊಳೆಯ ಶಿಲ್ಪಿಗಳು ಒಂದನ್ನು ಕಟ್ಟಿ ನೋಡಿ, ಇನ್ನೊಂದನ್ನು ಕಟ್ಟಿ ನೋಡಿ, ತಲೆಮಾರುಗಳನ್ನು ಕಳೆದರು. ಗ್ರಾಹಕನಿಗೆ ಅಷ್ಟು ಕಾಲವಿಲ್ಲ, ಅಂಗಡಿಯವನಿಗೆ ಅಷ್ಟು ತಾಳ್ಮೆಯಿಲ್ಲ. ಈ ಮೂರೂ ಅಲ್ಲದ ನಾಲ್ಕನೆಯದೊಂದುಂಟು, ಅದು ಶಾಸ್ತ್ರಪೂರ್ವಕಾಲದ್ದು. ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಎಂಬ ನಾಮಧೇಯಗಳಿಂದ ಪ್ರಸಿದ್ಧವಾದ, ಕರಿಯ ಬಣ್ಣದ, ಕಡ್ಡಿಬ್ರೇಕಿನ, ಹತ್ತಿರ ಹತ್ತಿರ 20 ಕಿಲೋಗ್ರಾಮು ತೂಗುವ ಆ ಸೈಕಲ್ಲೇ ಪೂರ್ವಪಕ್ಷ.

ಪೂರ್ವಪಕ್ಷವನ್ನು ಹಗುರವಾಗಿ ಎಣಿಸಲಾಗದು. ಅದರ ಕ್ಯಾರಿಯರಿನ ಮೇಲೆ ಹಾಲಿನ ಕ್ಯಾನುಗಳು, ಗುಳೇದಗುಡ್ಡದ ಖಣದ ಗಂಟು, ಸಂತೆಯ ಮೆಣಸಿನಕಾಯಿ ಚೀಲ, ಒಮ್ಮೊಮ್ಮೆ ಸಕುಟುಂಬವಾಗಿ ಒಂದು ಸಂಸಾರವೇ ಸಾಗಿದೆ. ಎತ್ತರ ಸಾಲದ ಹುಡುಗನು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತದ್ದು ಇದರ ಮೇಲೆಯೇ. ಸರಕಾರವು 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದಾಗ, ಊರಿಂದೂರಿಗೆ ಸಾಲುಗಟ್ಟಿ ಹೊರಟ ಹೆಣ್ಣುಮಕ್ಕಳು ಈ ಸೈಕಲ್ಲಿನ ಒಡಹುಟ್ಟುಗಳನ್ನೇರಿಯೇ ಹೈಸ್ಕೂಲನ್ನು ಕಂಡರು. ಇಷ್ಟು ಪುಣ್ಯ ಸಂಪಾದಿಸಿದ ವಾಹನವನ್ನು ಬಿಟ್ಟು ಅರ್ಧ ಸೈಕಲ್ಲಿಗೆ ಮೋಟಾರ್ ಸೈಕಲ್ಲಿನ ಬೆಲೆಯನ್ನು ತೆರುವುದು ಬುದ್ಧಿಯೇ ಎಂದು ಪೂರ್ವಪಕ್ಷಿಯು ಕೇಳಿದರೆ, ಸಿದ್ಧಾಂತಿಯು ಉತ್ತರಿಸಬೇಕಾದದ್ದು ಆಷಾಢಮಾಸದಲ್ಲಿ, ಹುನಗುಂದದ ರಸ್ತೆಯಲ್ಲಿ.

ಆ ಮಾಸದಲ್ಲಿ ಪಡುವಣ ಗಾಳಿಯು ಮರವಿಲ್ಲದ ಎರೆಭೂಮಿಯ ಮೇಲೆ ಅಡೆತಡೆಯಿಲ್ಲದೆ ಬೀಸುತ್ತದೆ. ಬೆಳಗ್ಗೆ ನವನಗರದಿಂದ ಮೂಡಣಕ್ಕೆ ಹೊರಟವನು ಕಮತಗಿಯನ್ನು ಕಳೆದು ಅಮೀನಗಡವನ್ನು ಸೇರುವಷ್ಟರಲ್ಲಿ ತನ್ನ ದೇಹಬಲವನ್ನು ಕುರಿತು ಅತ್ಯುಚ್ಚ ಅಭಿಪ್ರಾಯವನ್ನು ತಳೆದಿರುತ್ತಾನೆ. ಐಹೊಳೆಯ ಕಡೆಗೆ ತಿರುಗಿ ಮೇಗುತಿಯ ಗುಡ್ಡವನ್ನು ಹತ್ತಿದರಂತೂ, 634ರಲ್ಲಿ ಅಲ್ಲಿ ಶಾಸನವನ್ನು ಬರೆಯಿಸಿ ತನ್ನನ್ನು ಕಾಳಿದಾಸ ಭಾರವಿಗಳ ಸಾಲಿಗೆ ಸೇರಿಸಿಕೊಂಡ ರವಿಕೀರ್ತಿಯ ಮನಃಸ್ಥಿತಿಯು ಅವನಿಗೆ ಟೀಕೆಯಿಲ್ಲದೆ ಅರ್ಥವಾಗುತ್ತದೆ. ಹಿಂದಿರುಗುವಾಗ ಗಾಳಿಯು ಎದೆಗೆ ಕೈಯಿಟ್ಟು ನಿಲ್ಲಿಸುತ್ತದೆ. ನೆಟ್ಟಗೆ ಕುಳಿತು ಹೊಡೆಯುವ ಕರಿಯ ಸೈಕಲ್ಲಿನವನ ಧೋತರವೇ ಹಾಯಿಯಾಗಿ ಅವನನ್ನು ಇಳಕಲ್ಲಿನತ್ತ ಮರಳಿ ನೂಕಲು ಹವಣಿಸುವಾಗ, ಬಾಗಿದ ಹ್ಯಾಂಡಲಿನ ಕೆಳಕೊಂಬನ್ನು ಹಿಡಿದು ಗಾಳಿಗೆ ಬೆನ್ನನ್ನಷ್ಟೇ ಒಪ್ಪಿಸಿದವನು ಮೆಲ್ಲಗಾದರೂ ಮುಂದೆ ಸರಿಯುತ್ತಾನೆ. ರೋಡ್ ಸೈಕಲ್ಲಿನ ಪರವಾದ ಪ್ರಬಲ ಯುಕ್ತಿಯೆಂದರೆ ಇದೇ. ಉಳಿದವೆಲ್ಲ ಬಣ್ಣದ ಮಾತು. ಅಮೀನಗಡದ ಕರದಂಟನ್ನು ಹೋಗುವಾಗ ತಿನ್ನದೆ ಬರುವಾಗ ತಿನ್ನತಕ್ಕದ್ದೆಂಬುದು ಇದರಿಂದಲೇ ಫಲಿಸುವ ಉಪಸಿದ್ಧಾಂತ.

ಗೇರುಗಳ ವಿಷಯದಲ್ಲಿಯೂ ಗಾಳಿಯೇ ಗುರು. ಮುಂದಿನ ಹಲ್ಲುಚಕ್ರದಲ್ಲಿ 50, ಹಿಂದಿನದರಲ್ಲಿ 11 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಹೆಚ್ಚುಕಡಿಮೆ 10 ಮೀಟರು ಹಾರುತ್ತದೆ. ಅಂಗಡಿಯವನು ಹೇಳುವುದು ಇದನ್ನು. ಕೇಳಬೇಕಾದದ್ದು ಮತ್ತೊಂದು ತುದಿಯನ್ನು: ಮುಂದೆ 34, ಹಿಂದೆ 32 ಇದ್ದರೆ ಒಂದು ಸುತ್ತಿಗೆ ಸುಮಾರು 2.3 ಮೀಟರು. ಎದುರುಗಾಳಿಯಲ್ಲಿ, ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಏರಿನಲ್ಲಿ, ಮೊಣಕಾಲಿನ ಮಾನ ಉಳಿಯುವುದು ಈ ಎರಡೂಕಾಲು ಮೀಟರಿನಿಂದ. ಗೇರು ಒಟ್ಟು ಎಷ್ಟೆಂದು ಕೇಳುವವನು ಸಾಂಖ್ಯನೇ ಹೊರತು ಸವಾರನಲ್ಲ.

ಟೈರಿನ ಪ್ರಕರಣ ಅತಿ ಗಹನವಾದದ್ದು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ಪನು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದಾಗ ಅವನಿಗೆ ನೆಗ್ಗಿಲಮುಳ್ಳಿನ ಪರಿಚಯವಿರಲಿಲ್ಲ. ಆಯುರ್ವೇದವು ಗೋಕ್ಷುರವೆಂದು ಕರೆದು ದಶಮೂಲಗಳಲ್ಲಿ ಸ್ಥಾನವಿತ್ತು ಗೌರವಿಸಿದ ಈ ಸಸ್ಯವು, ಹೇಗೆ ಬಿದ್ದರೂ ಒಂದು ಮುಳ್ಳನ್ನು ಮೇಲಕ್ಕೆತ್ತಿಯೇ ಮಲಗುವ ಸ್ವಭಾವದ್ದು. ಮನುಷ್ಯನ ಮೂತ್ರಾಶಯಕ್ಕೆ ಎಷ್ಟು ಹಿತವೋ ಸೈಕಲ್ಲಿನ ಟ್ಯೂಬಿಗೆ ಅಷ್ಟೇ ಅಹಿತ. ಅದರ ಜೊತೆಗೆ ರಸ್ತೆಯಂಚಿನ ಜಾಲಿಯ ಬೇಲಿ. ಇವೆರಡರ ನಡುವೆ 23 ಮಿಲಿಮೀಟರಿನ ಟೈರಿಗೆ ಕಲ್ಲಿನಂತೆ ಹವಾ ತುಂಬಿ ಹೊರಡುವವನು ಶೂರನಿರಬಹುದು, ಕಚೇರಿಗೆ ಹೊತ್ತಿಗೆ ಮುಟ್ಟುವವನಲ್ಲ. 32 ಮಿಲಿಮೀಟರು, ಒಳಗೆ ಮುಳ್ಳುತಡೆಯುವ ಪಟ್ಟಿ, ಕಡಿಮೆ ಹವಾ: ಇದು ಎರೆನಾಡಿನ ಟೈರು. ಚಕ್ರಕ್ಕೂ ಫ್ರೇಮಿಗೂ ನಡುವೆ ಎಡೆ ಧಾರಾಳವಾಗಿರಬೇಕು; ಇಲ್ಲವಾದರೆ ಮೊದಲ ಮಳೆಯ ದಿನ ಡಾಂಬರು ಬಿಟ್ಟು ಎರೆಮಣ್ಣಿಗಿಳಿದ ಸೈಕಲ್ಲು ಹತ್ತು ಮಾರಿನಲ್ಲಿ ಚಕ್ರ ಕಚ್ಚಿಕೊಂಡು ನಿಂತು, ಮುಂದಿನ ದಾರಿಯಲ್ಲಿ ಸವಾರನ ಹೆಗಲೇರುತ್ತದೆ.

ಇಲ್ಲಿಯೇ ವಾಲ್ವಿನ ವಿಚಾರವನ್ನೂ ಹೇಳಿಬಿಡುವುದು ಒಳ್ಳೆಯದು. ರೋಡ್ ಸೈಕಲ್ಲುಗಳಿಗೆ ಪ್ರೆಸ್ಟಾ ಎಂಬ ಸಪೂರ ವಾಲ್ವಿರುತ್ತದೆ. ಹಳ್ಳಿಯ ಪಂಚರ್ ಅಂಗಡಿಯ ಪಂಪು ಅದನ್ನು ಕಚ್ಚುವುದಿಲ್ಲ. ಕೆಲವೇ ರೂಪಾಯಿಗಳ ಹಿತ್ತಾಳೆಯ ಬಿರಡೆಯೊಂದನ್ನು ಜೇಬಿನಲ್ಲಿಟ್ಟುಕೊಂಡರೆ ಸಾಮಾನ್ಯ ಪಂಪಿಗೂ ಹೊಂದುತ್ತದೆ. ಫ್ರೇಮು ಕಾರ್ಬನ್ನಿನದೋ ಅಲ್ಯುಮಿನಿಯಮ್ಮಿನದೋ ಎಂದು ರಾತ್ರಿಯೆಲ್ಲ ವಾದಿಸುವವರು ಈ ಬಿರಡೆಯನ್ನು ಮರೆತು, ಸೂಳೇಬಾವಿಯ ಹತ್ತಿರ ಬಿಸಿಲಿನಲ್ಲಿ ನಿಂತು ಟ್ರ್ಯಾಕ್ಟರಿಗಾಗಿ ಕೈ ಅಡ್ಡ ಹಿಡಿಯುವುದುಂಟು. ಟ್ರ್ಯಾಕ್ಟರೆಂದಾಗ ನೆನಪಾಯಿತು: ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಎಳೆದುಕೊಂಡು ಹಿಂದೆ ದೀಪವಿಲ್ಲದೆ ಬರುವ ಆ ದಿಗ್ಗಜಗಳಿರುವ ತನಕ ಸೈಕಲ್ಲಿಗೆ ಹಿಂದೊಂದು ಮುಂದೊಂದು ದೀಪ ಕಡ್ಡಾಯ. ಬ್ರೇಕು ಡಿಸ್ಕೋ ರಿಮ್ಮೋ ಎಂಬುದರಲ್ಲಿ ನನಗೆ ಪಕ್ಷಪಾತವಿಲ್ಲ. ಊರಿನಲ್ಲಿ ರಿಪೇರಿಯಾಗುವುದು ಯಾವುದೋ ಅದು.

ಅಧಿಕಾರಿಭೇದವನ್ನು ಹೇಳದೆ ಬಿಟ್ಟರೆ ಪ್ರಬಂಧವು ಅಪೂರ್ಣವಾಗುವುದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಶುರುಮಾಡಿ, ಕ್ರೀಡಾನಿಲಯಗಳಲ್ಲಿ ಪಳಗಿ, ರಾಷ್ಟ್ರಮಟ್ಟದ ರಸ್ತೆಪಂದ್ಯಗಳಲ್ಲಿ ಪದಕಗಳನ್ನು ತರುತ್ತಿರುವುದು ಸರ್ವವಿದಿತ. ಅವರು ಸಿದ್ಧರು, ಅವರಿಗೆ ಶಾಸ್ತ್ರದ ಹಂಗಿಲ್ಲ, 23 ಮಿಲಿಮೀಟರಿನ ಟೈರೂ ಅವರ ಮಾತನ್ನು ಕೇಳುತ್ತದೆ. ಬೆಳಗಿನ ಜಾವ ಬೈಪಾಸಿನಲ್ಲಿ ಅವರ ಗುಂಪೊಂದು ಸೊಂಯ್ಯೆಂದು ಹಾದುಹೋದುದನ್ನು ಕಂಡು ಅವರಂಥದೇ ಸೈಕಲ್ಲು ಬೇಕೆಂದು ಅಂಗಡಿಗೆ ಓಡುವ ನಲವತ್ತೈದರ ಗೃಹಸ್ಥನು ಅಶ್ವಮೇಧವನ್ನು ಮಾಡಹೊರಟವನಂತೆ. ಬಾದಾಮಿಯ ಕೋಟೆಯನ್ನು 543ರಲ್ಲಿ ಕಟ್ಟಿಸಿದ ಮೊದಲನೆಯ ಪುಲಕೇಶಿಯು ಅದನ್ನು ಮಾಡಿದನು, ನಿಜ. ಆದರೆ ಅವನ ಕುದುರೆ ಬೇರೆ, ಕಾವಲಿನ ದಂಡು ಬೇರೆ ಇದ್ದುವು. ಇಲ್ಲಿ ಕುದುರೆಯೂ ತಾನೇ, ದಂಡೂ ತಾನೇ, ಸೋಮವಾರ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕಾದವನೂ ತಾನೇ.

ಆದುದರಿಂದ ನಿರ್ಣಯ ಹೀಗೆ. ನವನಗರದ ನೌಕರನಿಗೆ ವಿಹಿತವಾದದ್ದು ಬಾಗಿದ ಹ್ಯಾಂಡಲಿನ, 32 ಮಿಲಿಮೀಟರು ಟೈರು ಹಿಡಿಸುವ, ಕೆಳಗಿನ ಗೇರು ಸಣ್ಣದಾಗಿರುವ, ಕ್ಯಾರಿಯರನ್ನೂ ಮಡ್‌ಗಾರ್ಡನ್ನೂ ಕೂಡಿಸಲು ಫ್ರೇಮಿನಲ್ಲಿಯೇ ತೂತುಗಳುಳ್ಳ, ಉಕ್ಕಿನ ಅಥವಾ ಅಲ್ಯುಮಿನಿಯಮ್ಮಿನ ಸೈಕಲ್ಲು. ಸೋಮವಾರ ಕ್ಯಾರಿಯರು ಹಾಕಿದರೆ ಪೂರ್ವಪಕ್ಷಿಗೆ ಸಮಾಧಾನ, ಭಾನುವಾರ ಬಿಚ್ಚಿದರೆ ಸಿದ್ಧಾಂತಿಗೆ ಸಂತೋಷ. ವಾಚಕರು ಅಂಗಡಿಗೆ ಹೋಗುವ ದಿನ ಕಚೇರಿಯ ಚೀಲವನ್ನೂ ರೊಟ್ಟಿಯ ಡಬ್ಬಿಯನ್ನೂ ಸಂಗಡ ಒಯ್ದು, ಅವುಗಳನ್ನು ಹೇರಿಕೊಂಡೇ ಒಂದು ಸುತ್ತು ಹೊಡೆದು ನೋಡಲಿ. ಮೊದಲು ತೂತುಗಳನ್ನು ಕೇಳಲಿ, ಗೇರನ್ನು ಆಮೇಲೆ, ಬಣ್ಣವನ್ನು ಕಡೆಗೆ.