ಪೆನ್‌ಡ್ರೈವ್ ಅಣ್ಣ

ತಮಿಳುನಾಡು ಗಡಿಯ ಪಣಕಹಳ್ಳಿಯಲ್ಲಿ ಯಾರದಾದರೂ ಪೆನ್‌ಡ್ರೈವ್ ಕೈಕೊಟ್ಟರೆ ತಾಳವಾಡಿಗೆ ಒಯ್ಯುವ ಮುಂಚೆ ಅಣ್ಣನಿಗೆ ತೋರಿಸಬೇಕು. ತೋರಿಸದೆ ಹೊರಟರೆ ಹೇಗೋ ಸುದ್ದಿ ತಲುಪಿ, ಬಸ್ಸು ಬರುವ ಮೊದಲೇ ಬಂದು "ಎಲ್ಲಿ, ಕೊಡು ನೋಡವ" ಎಂದು ಕೈಯೊಡ್ಡುತ್ತಾನೆ. ಹಾಸನೂರಿನಿಂದ ಚಾಮರಾಜನಗರದವರೆಗೆ ಇಂಥವನಿಲ್ಲದ ಊರಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿಗೆ. ಊರಿಗೆ ಮಾತ್ರ ಅವನು ಪೆನ್‌ಡ್ರೈವ್ ಅಣ್ಣ.

ಅಣ್ಣ ಕಸುಬಿಗೆ ಇಳಿದದ್ದು ಟೇಪ್ ರೆಕಾರ್ಡರ್ ಕಾಲದಲ್ಲಿ. ಸಿಕ್ಕಿಕೊಂಡ ಕ್ಯಾಸೆಟ್ಟಿಗೆ ಪೆನ್ಸಿಲ್ ತೂರಿಸಿ ಸುತ್ತುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. 2000ದ ಜುಲೈ 30ರಂದು ನಮ್ಮ ಸೀಮೆಯದೇ ದೊಡ್ಡ ಗಾಜನೂರಿನಿಂದ ಅಣ್ಣಾವ್ರು ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಹೊತ್ತುಕೊಂಡು ಹೋದನಲ್ಲ, ಆಗ ಕಾಡಿನಿಂದ ಅವನ ಮಾತು ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. "ಆ ಕ್ಯಾಸೆಟ್ ಒಂದ್ಸಲ ಸಿಕ್ಕಾಕ್ಕಂಡಿದ್ರೆ ಎರಡು ಸರ್ಕಾರನೂ ನಮ್ಮನೆ ಜಗಲಿ ಮೇಲೆ ಕೂತಿರವು" ಎಂಬುದು ನಮ್ಮ ಪೆನ್‌ಡ್ರೈವ್ ಅಣ್ಣನ ಇಂದಿಗೂ ಆರದ ಕೊರಗು. ಪೆನ್‌ಡ್ರೈವ್ ಮಾರಾಟಕ್ಕೆ ಬಂದದ್ದೂ ಅದೇ 2000ದಲ್ಲಿ. ಹಿಡಿಸುತ್ತಿದ್ದದ್ದು ಬರೀ 8 ಎಂಬಿ, ಅಂದರೆ ಎರಡು ಹಾಡು. ಅದು ನಮ್ಮ ಬೆಟ್ಟ ಹತ್ತುವಷ್ಟರಲ್ಲಿ ಅಣ್ಣ ಬನಿಯನ್ನಿನಲ್ಲಿ ಸಿಡಿ ಒರೆಸುವ ಘಟ್ಟವನ್ನೂ ದಾಟಿದ್ದ.

ಅವನು ಪೆನ್‌ಡ್ರೈವ್ ಹಿಡಿಯುವುದು ನಾಟಿ ವೈದ್ಯರು ನಾಡಿ ಹಿಡಿದ ಹಾಗೆ, ಕಣ್ಣು ಅರೆ ಮುಚ್ಚಿ. ಮೊದಲು "ಉಫ್" ಎಂದು ಊದುತ್ತಾನೆ. ಆಮೇಲೆ ಮಗನ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ಒಳಗಿನ ಹೊಂಬಣ್ಣದ ಪಟ್ಟಿ ಉಜ್ಜುತ್ತಾನೆ. ಕಂಪ್ಯೂಟರಿನ ಮುಂದಿನ ಪೋರ್ಟಿಗೆ ಚುಚ್ಚಿ, ಕಿತ್ತು, ಬಗ್ಗಿ ಹಿಂದಿನದಕ್ಕೆ ಚುಚ್ಚುತ್ತಾನೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ, ಬಂದಿರುವ ತಾಪತ್ರಯವೇ ಅದು. ಮುಂದಿನ ಪೋರ್ಟಿಗೆ ಡಬ್ಬದೊಳಗಿಂದ ಒಂದು ವೈರು ಬಂದಿರುತ್ತದೆ, ಅದು ಸಡಿಲವಾಗಿರಬಹುದು. ಹಿಂದಿನದು ಮದರ್‌ಬೋರ್ಡಿಗೇ ಕೂತಿರುತ್ತದೆ. ಆದರೆ ಕೀರ್ತಿಯೆಲ್ಲ ಸಲ್ಲುವುದು "ಉಫ್"ಗೆ.

ಊದಿದ್ದಕ್ಕೂ ಉಜ್ಜಿದ್ದಕ್ಕೂ ಬಗ್ಗದಿದ್ದರೆ ಅವನ ಬಳಿ ಉಳಿದಿರುವ ಮದ್ದು ಒಂದೇ: ಫಾರ್ಮ್ಯಾಟ್.

ಒಂದು ಸಲ ಮದುವೆ ಮನೆಯವರು, ಸ್ಟುಡಿಯೋದವರು ವಿಡಿಯೋ ಹಾಕಿಕೊಟ್ಟ ಪೆನ್‌ಡ್ರೈವ್ ತಂದರು. ಚುಚ್ಚಿದ ಕೂಡಲೇ ಕಂಪ್ಯೂಟರು, ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು.

"ನೋಡ್ದಾ, ಅದೇ ಬಾಯ್ಬುಟ್ಟು ಕೇಳ್ತಾ ಅದೆ" ಎಂದು ಅಣ್ಣ ಬೆರಳೆತ್ತಿದ.

"ಮಾವ, ನೋ ಒತ್ತಿ, ನೋ! ಮದ್ವೆ ಅಳಿಸೋಯ್ತದೆ" ಎಂದಳು ಮದುಮಗಳ ತಂಗಿ.

"ಸುಮ್ಕಿರವ್ವ. ಮದ್ವೆ ಆಗೋಗದೆ, ಇನ್ನೇನ್ ಅಳಿಸೋಯ್ತದೆ?"

ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮದುವೆ ಮನೆಯ ಅಜ್ಜಿ ಈಗ ಎದ್ದರು. "ಲೋ, ಕೈ ತೆಗಿಲಾ! ಯಾರ್ಯಾರು ಮುಯ್ಯಿ ಮಾಡವ್ರೆ ಅನ್ನದು ಅದ್ರೊಳಗದೆ ಕನ."

ಮುಯ್ಯಿಯ ಲೆಕ್ಕ ಅಂದಮೇಲೆ ಯಾವ ಅಣ್ಣನ ಬೆರಳಾದರೂ ನಿಲ್ಲಲೇಬೇಕು. ಅಷ್ಟರಲ್ಲಿ ಹುಡುಗಿ ಮನೆಗೆ ಓಡಿ ಪ್ಲಸ್ ಟೂನಲ್ಲಿ ತಮಿಳುನಾಡು ಸರ್ಕಾರ ಕೊಟ್ಟಿದ್ದ ಲ್ಯಾಪ್‌ಟಾಪ್ ತಂದಳು. ಚುಚ್ಚಿದಳು, ಓಲಗ ಶುರುವಾಯಿತು. ಪೆನ್‌ಡ್ರೈವಿಗೆ ನೆಗಡಿಯೂ ಆಗಿರಲಿಲ್ಲ. ಟ್ರ್ಯಾಕ್ಟರಿನ ಹಾಡಿನ ಪ್ಲೇಯರಿಗೆ ಒಗ್ಗುವ ಫ್ಯಾಟ್ 32 ಎಂಬ ಫಾರ್ಮ್ಯಾಟಿನಲ್ಲಿ 4 ಜಿಬಿ ಮೀರಿದ ಒಂದೇ ಫೈಲು ಹಿಡಿಯುವುದಿಲ್ಲ, ಅದಕ್ಕೇ ಸ್ಟುಡಿಯೋದವರು ಎಕ್ಸ್‌ಫ್ಯಾಟ್‌ನಲ್ಲಿ ಹಾಕಿಕೊಟ್ಟಿದ್ದರು. ಅಣ್ಣನ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟದ್ದು. ಬೇರೆ ಅಪ್‌ಡೇಟ್ ಹಾಕದಿದ್ದರೆ ಎಕ್ಸ್‌ಪಿಗೆ ಎಕ್ಸ್‌ಫ್ಯಾಟ್ ತಿಳಿಯದು. ತಿಳಿಯದು ಎಂದು ಒಪ್ಪಿಕೊಳ್ಳದೆ ಫಾರ್ಮ್ಯಾಟ್ ಮಾಡಲೇ ಎನ್ನುತ್ತದೆ. ಅಣ್ಣನಿಗೂ ಆ ಕಂಪ್ಯೂಟರಿಗೂ ಅಷ್ಟು ವರ್ಷ ಹೊಂದಿಕೆಯಾದದ್ದು ಸುಮ್ಮನೆ ಅಲ್ಲ.

ಪರದೆ ಮೇಲೆ ಅಣ್ಣನೇ ಬಂದ. ಗಂಡು ಹೆಣ್ಣಿಗೆ ಅಕ್ಷತೆ ಹಾಕಿ, ಕವರ್ ಕೊಟ್ಟು, ಕ್ಯಾಮೆರಾ ನೋಡಿ ನಿಂತ.

"ಅಲ್ಲೇ ನಿಲ್ಸವ್ವ" ಎಂದರು ಅಜ್ಜಿ. "ಈ ಕವರ್ ಮನೇಲಿ ಬಿಚ್ಚುದ್ರೆ ಬರೀದಾಗಿತ್ತು ಕನ."

ಅಣ್ಣ ಪೆನ್‌ಡ್ರೈವ್ ಕಿತ್ತು, ಇನ್ನೊಂದು ಸಲ ಊದಿ ಹುಡುಗಿಯ ಕೈಗಿಟ್ಟ. "ನಾನಾಗ್ಲೇ ಹೇಳ್ನಿಲ್ವಾ, ಇದ್ಕೇನೂ ಆಗಿಲ್ಲ ಅಂತ? ನಿನ್ ಲ್ಯಾಪ್‌ಟಾಪೇ ವಸಿ ನಿಧಾನ ಅದೆ ಕನವ್ವ. ಬುಟ್ಟೋಗು, ಫಾರ್ಮ್ಯಾಟ್ ಮಾಡಿ ಮಡಗಿರ್ತೀನಿ."