ಕಮ್ಮಿ ಕೊಡ್ರಿ, ದುಡ್ಡು ಜಾಸ್ತಿ ತಗೊಳ್ರಿ

ನಿಜ ಹೇಳ್ರಿ, ರಾತ್ರಿ ಹನ್ನೊಂದು ಗಂಟೆಗೆ ಹೊದಿಕೆ ಒಳಗೆ ಮೊಬೈಲ್ ಹಿಡ್ಕೊಂಡು ಏನು ನೋಡ್ತಿರ್ತೀರಿ? ಮನೆಯವರು ಕೇಳಿದ್ರೆ "ಅಡಿಕೆ ರೇಟು" ಅಂತೀರಿ. ಸುಳ್ಳು! ನೋಡ್ತಿರೋದು ಸೈಕಲ್ಲಿನ ಕಾರ್ಬನ್ ಸೀಟ್‌ಪೋಸ್ಟು. ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಅದರ ನೇಯ್ಗೆ ಕಾಣೋವರೆಗೂ ಝೂಮ್ ಮಾಡಿ, "ಅಬ್ಬಬ್ಬಾ" ಅಂತ ನೀವು ಉಸಿರು ಬಿಟ್ಟಿದ್ದು ಪಕ್ಕದವರಿಗೂ ಕೇಳಿಸಿದೆ. (ಕೇಳಿಸಿಕೊಂಡೂ ಸುಮ್ನಿದ್ದಾರೆ. ಅದೇ ಭಯ ಪಡಬೇಕಾದ್ದು.)

ನಮ್ಮದು ತೂಕದ ಸೀಮೆ ಕಣ್ರಿ. ಹೊನ್ನಾಳಿ, ನ್ಯಾಮತಿ ಕಡೆ ಭತ್ತ, ಮೆಕ್ಕೆಜೋಳ. ಆಚೆ ಚನ್ನಗಿರಿ ಕಡೆ ಅಡಿಕೆ. ಯಾವುದೇ ಆಗ್ಲಿ, ತಕ್ಕಡಿಗೆ ಬಿದ್ದ ಮೇಲೇ ರೇಟು. ಮೂಟೆಗೆ ಒಂದು ಕೆಜಿ ಕಮ್ಮಿ ತೋರಿಸಿದ್ರು ಅಂತ ನೀವು ದಲ್ಲಾಳಿ ಜೊತೆ ಜಗಳ ತೆಗೆದಿದ್ದು ಊರಿಗೆಲ್ಲಾ ಗೊತ್ತು. ಅಂಥಾ ನೀವು ಸೈಕಲ್ ಅಂಗಡಿ ಮೆಟ್ಟಿಲು ಹತ್ತಿದ್ರೆ ಮಾತ್ರ "ಇದಕ್ಕಿಂತ ಕಮ್ಮಿ ತೂಕದ್ದು ಇಲ್ವಾ?" ಅಂತ ಕೇಳಿ, ಕಮ್ಮಿ ಆದಷ್ಟೂ ಜಾಸ್ತಿ ನೋಟು ಎಣಿಸ್ತೀರಲ್ಲ!

ಬರ್ರಿ, ಒಂದು ಬಾಯಿಲೆಕ್ಕ ಹಾಕೋಣ. ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ಅಂತ ಹಿಡಿದ್ರೆ ಗ್ರಾಂಗೆ 50 ಪೈಸೆ ಬಿತ್ತು. ನಿಮ್ಮ ಸೈಕಲ್ ಜೊತೆ ಬಂದ ಅಲ್ಯೂಮಿನಿಯಂ ಚಕ್ರದ ಜೋಡಿ 1,900 ಗ್ರಾಂ, ಕಣ್ಣಿಟ್ಟಿರೋ ಕಾರ್ಬನ್ ಜೋಡಿ 1,400 ಗ್ರಾಂ, ರೇಟು ಒಂದು ಲಕ್ಷ ಅಂತ ಇಟ್ಕೊಳ್ಳಿ. ಇಳಿದಿದ್ದು 500 ಗ್ರಾಂ. ಗ್ರಾಂಗೆ 200 ರೂಪಾಯಿ, ಅಂದ್ರೆ ಅಡಿಕೆಯ 400 ಪಟ್ಟು! ಅಡಿಕೆನಾದ್ರೂ ಚೀಲದಲ್ಲಿ ಇರುತ್ತೆ. ಇಲ್ಲಿ ನೀವು ದುಡ್ಡು ಕೊಟ್ಟಿದ್ದು ಇಲ್ಲದೇ ಇರೋ ಅರ್ಧ ಕೆಜಿಗೆ.

ಆ ಬೋಲ್ಟಿನ ವಿಷ್ಯ ಎತ್ತಲಾ, ಬಿಡಲಾ? ಎತ್ತೇ ಬಿಡ್ತೀನಿ. ನೀರಿನ ಬಾಟಲಿ ಕೂರಿಸೋ ಕೇಜಿಗೆ ಎರಡು ಬೋಲ್ಟು ಇರ್ತಾವಲ್ಲ, ಸ್ಟೀಲಿನವು ಭಾರ ಅಂತ ಟೈಟಾನಿಯಂದು ತರಿಸಿದ್ರಿ. ಉಳಿದಿದ್ದು ಕೆಲವೇ ಗ್ರಾಂ. ಆಮೇಲೆ ಅದೇ ಕೇಜಿಗೆ 750 ಗ್ರಾಂ ನೀರು ತುಂಬಿದ ಬಾಟಲಿ ಸಿಕ್ಕಿಸಿ ಹೊರಟ್ರಿ. (ಒಂದು ಗುಟುಕು ಕಮ್ಮಿ ತುಂಬಿಸಿದ್ರೆ ಪುಕ್ಕಟೆ ಆಗ್ತಿತ್ತು. ಆದ್ರೆ ಗುಟುಕಿಗೆ ಆ ಬೋಲ್ಟಿನ ನೀಲಿ-ನೇರಳೆ ಹೊಳಪು ಎಲ್ಲಿಂದ ಬರಬೇಕು?)

ನಿಮ್ಮಪ್ಪನ ಅಟ್ಲಾಸ್ ಸೈಕಲ್ ನೆನಪಿದೆಯಾ? 20 ಕೆಜಿ ಹತ್ರ ಹತ್ರ. ಅದೂ ಸಾಲದು ಅಂತ ಡೈನಮೋ, ದೊಡ್ಡ ಕ್ಯಾರಿಯರ್, ಹಬ್ಬಿಗೆ ಬಣ್ಣದ ಬ್ರಷ್ಷು, ಕಡ್ಡಿಗಳಿಗೆ ಮಣಿ, ಹ್ಯಾಂಡಲ್ಲಿಗೆ ಜರಿ ಕುಚ್ಚು, ಹಿಂದಿನ ಮಡ್‌ಗಾರ್ಡಿನ ರಬ್ಬರ್ ಮೇಲೆ ಶಂಕರ್‌ನಾಗ್. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದಾಗಲೂ ಅಷ್ಟೇ. ಮನೆಗೆ ಬಂದ ಸೈಕಲ್ಲಿಗೆ ಮೊದಲ ಕೆಲಸ ರೇಡಿಯಂ ಸ್ಟಿಕ್ಕರು. ಸ್ಟೈಲ್ ಅಂದ್ರೆ ನಮ್ಮಲ್ಲಿ ಹೇರೋದು.

ಇನ್ನು ನಮ್ಮ ಹೋರಿ ಹಬ್ಬ ನೋಡ್ರಿ. ಓಡಬೇಕಾದ ಪ್ರಾಣಿ ಅದು, ಜನರ ನಡುವೆ ಸೀಳ್ಕೊಂಡು ಹೋಗಬೇಕು. ಅದರ ಕೊರಳಿಗೆ ಕೊಬ್ಬರಿ ಹಾರದ ಮೇಲೆ ಹಾರ, ಕೊಂಬಿಗೆ ಬಲೂನು, ಬೆನ್ನಿಗೆ ಜೂಲು! ಅಷ್ಟು ಹೊತ್ತು ಕೈಗೆ ಸಿಗದೆ ಓಡಿದ್ರೇ ಅದಕ್ಕೆ ಹೆಸರು. ಈ ನೆಲದಲ್ಲಿ ಹುಟ್ಟಿ ನೀವು ಗ್ರಾಂ ಗ್ರಾಂ ಕೆರೆದು ತೆಗೀತಾ ಕೂತ್ರೆ, ಹೋರಿ ಏನಂದ್ಕೊಳ್ಳಬೇಡ?

ಏನೇನು ಕಿತ್ತು ಹಾಕಿದ್ರಿ, ನಾನೇ ಹೇಳ್ಲಾ? ಕ್ಯಾರಿಯರ್ ಹೋಯ್ತು. ಮಡ್‌ಗಾರ್ಡ್ ಹೋಯ್ತು. (ಮಳೆಗಾಲದಲ್ಲಿ ನಿಮ್ಮ ಬೆನ್ನ ಮೇಲಿನ ಕೆಸರಿನ ಗೆರೆ ನಮಗೆಲ್ಲಾ ಕಾಣುತ್ತೆ.) ಸ್ಟ್ಯಾಂಡಂತೂ ಬರುವಾಗಲೇ ಇರ್ಲಿಲ್ಲ. ಚಹಾದಂಗಡಿ ಮುಂದೆ ಸೈಕಲ್ ಒರಗಿಸೋಕೆ ಒಳ್ಳೇ ಗೋಡೆ ಹುಡುಕ್ತಾ ಸುತ್ತೋ ನಿಮ್ಮನ್ನ ನೋಡಿ ಅಜ್ಜಂದಿರು ಕೇಳ್ತಾರೆ, "ತಮ್ಮಾ, ಇಷ್ಟು ದುಡ್ಡು ಕೊಟ್ರೂ ಸ್ಟ್ಯಾಂಡ್ ಕೊಡ್ಲಿಲ್ವೇನು?" ಉತ್ತರ ಇದ್ರೆ ನನಗೂ ಹೇಳ್ರಿ.

ಬೆಲ್ ಕೂಡ ಹೋಯ್ತು, ತೂಕ ಅಂತ. ಆದ್ರೆ ಸದ್ದು ಬೇಕು! ಪೆಡಲ್ ತುಳಿಯೋದು ನಿಲ್ಲಿಸಿದ ಕೂಡ್ಲೇ "ಕಿರ್ರ್" ಅನ್ನೋ ಹಬ್ ಬೇಕು ನಿಮಗೆ. ಅಮೆರಿಕದ ಕ್ರಿಸ್ ಕಿಂಗ್ ಹಬ್ಬಿನ ಸದ್ದು ಅಂದ್ರೆ ಜೇನು ರೇಗಿದ ಸದ್ದು ಅಂತ ಲೋಕಪ್ರಸಿದ್ಧ. ಐವತ್ತು ರೂಪಾಯಿ ಬೆಲ್ ಬಿಚ್ಚಿಟ್ಟು ಸಾವಿರಾರು ರೂಪಾಯಿ ಕಿರ್ರ್ ತರಿಸೋ ಲೆಕ್ಕ ನಮ್ಮ ಯಾವ ಸಂತೇಲಿ ಕಲಿತ್ರಿ?

ಸಮಾಧಾನ ಮಾಡ್ಕೊಳ್ಳಿ, ನಿಮಗಿಂತ ದೊಡ್ಡವರಿಗೂ ಈ ಹುಚ್ಚು ಹಿಡಿದಿತ್ತು. ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 1972ರ ಅಕ್ಟೋಬರ್ 25ರಂದು ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ದಾಖಲೆ ಮಾಡಿದ. ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟ ಆ ಸೈಕಲ್ಲು ಆರು ಕೆಜಿಗಿಂತ ಹಗುರ. ತೂಕ ಇಳಿಸೋಕೆ ಹ್ಯಾಂಡಲ್ಲಿಗೆ ತೂತು, ಚೈನಿನ ಕೊಂಡಿಗೂ ತೂತು! ಎಲ್ಲರ ಮನೆ ದೋಸೆನೂ ತೂತು ಅಂತಾರಲ್ಲ, ಮೆರ್ಕ್ಸ್ ಮನೇದು ಸ್ವಲ್ಪ ಜಾಸ್ತಿ. ಆಮೇಲೆ ಜಗತ್ತಿನ ತುಂಬಾ ಸೈಕಲ್ ಹುಚ್ಚರು ಡ್ರಿಲ್ ಮಷಿನ್ ಹಿಡಿದು ಕೂತ್ರು.

ಆದ್ರೆ ಅವನು ಆ ದಾಖಲೆಗೆ ಮನೆ ಬಿಟ್ಟು ಮೆಕ್ಸಿಕೋ ಸಿಟಿಗೇ ಯಾಕೆ ಹೋದ, ಕೇಳಿದ್ರಾ? ಆ ಊರು ಇರೋದು ಸಮುದ್ರಮಟ್ಟದಿಂದ 2,200 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು. ಚೈನಿಗೆ ತೂತು ಹಾಕಿಸಿದವನಿಗೂ ನಿಜವಾದ ಶತ್ರು ಯಾರು ಅಂತ ಗೊತ್ತಿತ್ತು.

ನಿಮಗೂ ಗೊತ್ತು, ಒಪ್ಪಲ್ಲ ಅಷ್ಟೇ. ಹೊನ್ನಾಳಿಯಿಂದ ಚೀಲೂರು, ಹೊಳಲೂರು ಹಾದು ಶಿವಮೊಗ್ಗಕ್ಕೆ ಹೊಳೆ ಬಯಲಿನ ದಾರಿ. ಇಂಥಾ ರಸ್ತೇಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋದ್ರೆ ನಿಮ್ಮ ಶಕ್ತಿಯ ಹೆಚ್ಚು ಪಾಲು ಗಾಳಿ ನುಂಗುತ್ತೆ. ಆಷಾಢದಲ್ಲಿ ಎದುರು ಬೀಸಿದ್ರಂತೂ ಕೇಳೋದೇ ಬೇಡ. ಆ ಗಾಳಿಗೆ ಅಡ್ಡ ನಿಂತಿರೋದು ಬಹುಪಾಲು ಸೈಕಲ್ ಅಲ್ಲ ಸ್ವಾಮಿ, ಅದರ ಮೇಲೆ ಕೂತವರು. (ಹೊಟ್ಟೆ ಬಗ್ಗೆ ನಾನೇನೂ ಅಂದಿಲ್ಲ. ನೀವೇ ಕೆಳಗೆ ನೋಡ್ಕೊಂಡ್ರಿ.)

"ಘಾಟಿ ಹತ್ತುವಾಗ ತೂಕ ಲೆಕ್ಕಕ್ಕೆ ಬರುತ್ತಲ್ಲ" ಅಂತೀರಾ? ಬರುತ್ತೆ, ಖಂಡಿತ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ನಿಮಗೆ ಮುಕ್ಕಾಲು ಗಂಟೆ ಬೇಕು ಅಂತ ಇಟ್ಕೊಳ್ಳಿ. ನೀವೂ ಸೈಕಲ್ಲೂ ಸೇರಿ 84 ಕೆಜಿ ಇದ್ರೆ, ಆ ಲಕ್ಷ ರೂಪಾಯಿಯ ಅರ್ಧ ಕೆಜಿ ಉಳಿಸೋದು 15-16 ಸೆಕೆಂಡು. ಮೇಲೆ ಸನ್‌ಸೆಟ್ ಪಾಯಿಂಟಲ್ಲಿ ಸೆಲ್ಫಿಗೆ ಅಂತ ಕನ್ನಡಕ ಸರಿ ಮಾಡ್ಕೊಳ್ಳೋಕೇ ನಿಮಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು!

ತಮಾಷೆ ಅಂದ್ರೆ, ನಿಜವಾದ ರೇಸಿನವರಿಗೆ ಈ ಆಟಕ್ಕೆ ಬಾಗಿಲು ಹಾಕಿದ್ದಾರೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಲ್ಲೇ ರೂಲ್ ಮಾಡ್ತು: ರೇಸಿನ ಸೈಕಲ್ 6.8 ಕೆಜಿಗಿಂತ ಹಗುರ ಇರಕೂಡದು. ಅದಕ್ಕಿಂತ ಹಗುರ ಆದ ಸೈಕಲ್ಲಿಗೆ ಮೆಕ್ಯಾನಿಕ್‌ಗಳು ತೂಕ ಕಟ್ಟಿ ಕಳಿಸಿದ್ದೂ ಉಂಟು. ಹಗುರ ಮಾಡೋಕೆ ದುಡ್ಡು, ಆಮೇಲೆ ಭಾರ ಮಾಡೋಕೆ ಸೀಸ. ನಿಮಗೆ ಆ ರೂಲ್ ಇಲ್ಲ, ಪುಣ್ಯವಂತರು.

ಇನ್ನು ನಮ್ಮ ರಸ್ತೆ. ಸುಗ್ಗೀಲಿ ಅರ್ಧ ಡಾಂಬರು ಮೆಕ್ಕೆಜೋಳ ಒಣಗಿಸೋ ಕಣ ಆಗಿರುತ್ತೆ. ನಿಮ್ಮ ಟೈರೋ 25 ಮಿಲಿಮೀಟರ್! ಜಗಳೂರಿನ ಕಡೆ ಹೋದ್ರೆ ಜಾಲಿ ಮುಳ್ಳು ಕಾಯ್ತಾ ಕೂತಿರುತ್ತೆ. ಪಂಚರ್ ಅಂಗಡಿಗೆ ತಳ್ಕೊಂಡು ಬಂದ್ರೆ, ಅವನ ಪಂಪಿನ ಬಾಯಿಗೂ ನಿಮ್ಮ ಪ್ರೆಸ್ಟಾ ವಾಲ್ವಿನ ಸಪೂರ ಮೂತಿಗೂ ಕೂಡಿಬರಲ್ಲ. ಅಡಾಪ್ಟರ್ ಎಲ್ಲಿ? ಮನೇಲಿ. ಯಾಕೆ? ಒಂದೆರಡು ಗ್ರಾಂ ತೂಕ!

ಸರಿ, ಎಷ್ಟಕ್ಕೆ ಬಿತ್ತು ಅಂತ ಮನೇಲಿ ಏನು ಹೇಳಿದೀರಿ? "ಸೆಕೆಂಡ್ ಹ್ಯಾಂಡು, ಬೆಂಗಳೂರಿನ ಸ್ನೇಹಿತ ಕೊಟ್ಟ" ಅಂತ ತಾನೆ? ವೇಗಕ್ಕೋಸ್ಕರ, ಆರೋಗ್ಯಕ್ಕೋಸ್ಕರ ಅಂತಾನೂ ಸೇರಿಸಿರ್ತೀರಿ. ಯಾಕ್ರಿ ಅಷ್ಟು ಕಷ್ಟ? ಚಂದ ಇತ್ತು, ಆಸೆ ಆಯ್ತು, ತಗೊಂಡೆ ಅಂದ್ಬಿಡ್ರಿ. ಆ ಕಪ್ಪು ಕಾರ್ಬನ್ ಮೇಲೆ ಬೆಳಗಿನ ಬಿಸಿಲು ಬಿದ್ರೆ ಚಂದ ಕಾಣೋದು ಸುಳ್ಳಲ್ಲ. ಬೀರು ತುಂಬಾ ರೇಷ್ಮೆ ಸೀರೆ ಇಟ್ಟುಕೊಂಡ ಮನೆಯವರಿಗೆ ಈ ಮಾತು ಅರ್ಥ ಆಗುತ್ತೆ. (ಅವರು ಇಷ್ಟು ದಿನ ಸುಮ್ನಿದ್ದಿದ್ದೂ ಅದಕ್ಕೇ. ಮುಂದಿನ ಸೀರೆಗೆ ನಿಮ್ಮ ಬಾಯಿ ಕಟ್ಟಿದೆ!)

ಚಕ್ರ ತಗೊಳ್ಳಿ, ಬೋಲ್ಟು ತಗೊಳ್ಳಿ, ನಾನು ಬೇಡ ಅನ್ನಲ್ಲ. ನಾಳೆ ಒಂದ್ಸಲ ತಂದು ತೋರಿಸ್ರಿ, ಒಂದು ಬೆರಳಲ್ಲಿ ಎತ್ತಿ ನೋಡ್ತೀನಿ. ಆದ್ರೆ ಆ ಬೆಲ್ ಮಾತ್ರ ವಾಪಸ್ ಹಾಕಿಸ್ರಿ. ರಸ್ತೆ ಮೇಲೆ ಮೆಕ್ಕೆಜೋಳ ಹರವಿಕೊಂಡು ಬೆನ್ನು ಮಾಡಿ ಕೂತ ಅಜ್ಜಿಗೆ ನಿಮ್ಮ ಕಿರ್ರ್ ಕೇಳಿಸಲ್ಲ.